ಅಡಿಗೆ ಕಲ್ಸಿದ್ದಕ್ಕೆ ದುಡ್ಡು ತಗೊಂಡ್ರೆ ಅನ್ನ ಮಾರಿದ ಹಾಗಾ?

"ಅನ್ನ ಮಾರೋ ಕಾಲ ಬಂತು ನೋಡಿ" ಅಂತ ಈಗ ನಮ್ಮ ಕಡೆ ಮದುವೆ ಮನೆ, ತಿಥಿ ಮನೆ ಎಲ್ಲಿ ಹೋದ್ರೂ ಒಂದು ಮಾತು ಕೇಳ್ತಿದೆ. ವಿಷಯ ಎಂತದು ಅಂದ್ರೆ, ಕಳಸದ ಕಡೆ ನೆಂಟರ ಸೊಸೆಯೊಬ್ಳು ಹೋಂಸ್ಟೇಗೆ ಬಂದವರಿಗೆ ಅಕ್ಕಿ ರೊಟ್ಟಿ, ಒತ್ತು ಶ್ಯಾವಿಗೆ ಮಾಡೋದು ಕಲ್ಸಿ, ತಲೆಗೆ ಇಷ್ಟು ಅಂತ ದುಡ್ಡು ತಗೊಂಡ್ಳಂತೆ. ಊಟದ ಬಿಲ್ಲಿಗೆ ಸೇರಿಸದೆ ಬೇರೆಯಾಗಿ ತಗೊಂಡ್ಳಂತೆ. ಅದೇ ಅವಳು ಮಾಡಿದ ಅಪರಾಧ.

ನನಗೆ ಇದು ಅರ್ಥ ಆಗಲ್ಲ ಕಣ್ರೇ. ರೂಮಿಗೆ ಬಾಡಿಗೆ ತಗೊಳ್ತೀವಿ. ರಾತ್ರಿ ಬೆಂಕಿ ಹಾಕಿ ಕೂರಕ್ಕೆ ಸೌದೆ ಬೇಕು ಅಂದ್ರೆ ಸೌದೆಗೂ ದುಡ್ಡು ತಗೊಳ್ತೀವಿ. ಝರಿ ಫಾಲ್ಸಿಗೆ ಹೋಗೋ ಜೀಪಿನವನು ದುಡ್ಡು ಎಣಿಸ್ಕೊಂಡೇ ಗೇರ್ ಹಾಕೋದು. ಮುಳ್ಳಯ್ಯನಗಿರಿ ತೋರ್ಸಕ್ಕೆ, ತೋಟ ಸುತ್ತಿಸಕ್ಕೆ, "ಇದು ಅರೇಬಿಕಾ, ಇದು ರೊಬಸ್ಟಾ" ಅಂತ ಗಿಡ ಮುಟ್ಟಿ ಹೇಳಕ್ಕೆ, ಎಲ್ಲದಕ್ಕೂ ರೇಟಿದೆ. ಯಾರೂ "ಬೆಟ್ಟ ಮಾರ್ತಿದಾನೆ" ಅಂತ ಜೀಪಿನವನಿಗೆ ಅಂದಿದ್ದು ನಾನು ಕೇಳಿಲ್ಲ. ಅದೇ ಹೆಂಗಸು ಒಲೆ ಮುಂದೆ ಎರಡು ಗಂಟೆ ನಿಂತು ಮೂವತ್ತು ವರ್ಷದ ಕೈಕೆಲಸ ಹೇಳ್ಕೊಟ್ಟು ಕೈ ಚಾಚಿದ್ರೆ ಮಾತ್ರ ಅನ್ನಪೂರ್ಣೆ ನೆನಪಾಗ್ತಾಳೆ. ಹೊರನಾಡು ಹತ್ರಾನೇ ಇದೆಯಲ್ಲ, ಅಮ್ಮನ ಹೆಸರು ಬಾಯಿಗೆ ಬೇಗ ಬರುತ್ತೆ.

ಹಸಿದವರಿಗೆ ಅನ್ನ ಹಾಕೋದು ಒಂದು, ವಿದ್ಯೆ ಕಲ್ಸೋದು ಇನ್ನೊಂದು. ನಮ್ಮನೆ ಬಾಗಿಲಿಗೆ ಹಸ್ಕೊಂಡು ಬಂದವರಿಗೆ ಊಟ ಹಾಕಿ ದುಡ್ಡು ಕೇಳೋ ಮನೆ ನಮ್ಮಲ್ಲಿ ಇವತ್ತಿಗೂ ಇಲ್ಲ. ಆದ್ರೆ ಸಂಗೀತದ ಮೇಷ್ಟ್ರಿಗೆ ಫೀಸು ಕೊಡ್ತೀವಿ, ಹೊಲಿಗೆ ಕ್ಲಾಸಿಗೆ ಕೊಡ್ತೀವಿ, ಮಕ್ಕಳ ಕರಾಟೆಗೂ ಕೊಡ್ತೀವಿ. ಸರಸ್ವತಿಯನ್ನ ಮಾರಿದ್ರು ಅಂತ ಅವರಿಗೆ ಅಂತೀವಾ? ಒಲೆ ಮುಂದಿನ ವಿದ್ಯೆ ಮಾತ್ರ ವಿದ್ಯೆ ಅಲ್ಲ, ಅದು ಹೆಂಗಸಿನ ಹುಟ್ಟುಗುಣ, ಬಾವಿ ನೀರಿನ ಹಾಗೆ ಸೇದಿದಷ್ಟೂ ಬರುತ್ತೆ ಅಂದ್ಕೊಂಡಿದಾರೆ. ನನ್ನ ತಕರಾರು ಇರೋದೇ ಇಲ್ಲಿ.

ಈಗ ನಮ್ಮ ಹೋಂಸ್ಟೇಗಳಲ್ಲಿ "ಮಲ್ನಾಡ್ ಅಡಿಗೆ ಅನುಭವ" ಅಂತ ನಡೀತಿರೋದು ಹೇಗಿದೆ ಅಂತ ಒಂದು ಸಲ ನೋಡಿ. ಮೂಡಿಗೆರೆ ಕಡೆ ಒಂದು ಕಡೆ ನಾನೇ ನೋಡಿದ್ದು, ಹೆಸರು ಬೇಡ. ಬೆಳಿಗ್ಗೆ ಐದಕ್ಕೇ ಎದ್ದು ಹಿಟ್ಟು ಬೇಯಿಸಿ, ನಾದಿ, ಉಂಡೆ ಕಟ್ಟಿ, ಒದ್ದೆ ಬಟ್ಟೆ ಮುಚ್ಚಿ ಇಟ್ಟಿದ್ದು ಮನೆ ಹೆಂಗಸು. ಹತ್ತು ಗಂಟೆಗೆ ಗೆಸ್ಟು ಬರ್ತಾರೆ. ಯಜಮಾನರು ನಡುವೆ ನಿಂತು ಮಲೆನಾಡಿನ ಸಂಸ್ಕೃತಿ ಅಂತ ಅರ್ಧ ಗಂಟೆ ಭಾಷಣ ಮಾಡ್ತಾರೆ. ಆಮೇಲೆ ಬೆಂಗಳೂರಿನ ಹುಡುಗಿಯೊಬ್ಳು ಒಂದು ಉಂಡೆ ತಗೊಂಡು ಎರಡು ಸಲ ತಟ್ಟಿ, ಫೋಟೋ ತೆಗೆಸ್ಕೊಂಡು, ಕೈ ಒರೆಸ್ಕೊಂಡು ಹೋಗ್ತಾಳೆ. ಆ ಹರಿದ ರೊಟ್ಟಿ ಪಕ್ಕಕ್ಕಿಟ್ಟು, ಉಳಿದ ನಲವತ್ತು ರೊಟ್ಟಿ ಹಿಂದಿನ ಅಡಿಗೆ ಮನೇಲಿ ಅದೇ ಹೆಂಗಸು ಬೇಯಿಸ್ತಾಳೆ. ಫೋಟೋದಲ್ಲಿ ಅವಳಿಲ್ಲ. ಬಿಲ್ಲಿನಲ್ಲೂ ಇಲ್ಲ. ಕಲಿತವರು ಯಾರು? ಯಾರೂ ಇಲ್ಲ. ಇನ್ನೊಂದು ಹೇಳ್ಬೇಕು. ಅಲ್ಲಿ ಅಂಗಳದಲ್ಲಿ ಹಳೇ ಒರಳುಕಲ್ಲಿಗೆ ನೀರು ತುಂಬಿ ದಾಸವಾಳ ತೇಲಿ ಬಿಟ್ಟಿದ್ರು. ಅಡಿಗೆ ಮನೇಲಿ ಮಿಕ್ಸಿ ಒದರ್ತಾ ಇತ್ತು. ನೋಡಿ ನಗು ಬಂತು, ಹೊಟ್ಟೆಯೂ ಉರೀತು.

ಕಲ್ಸೋದು ಅಂದ್ರೆ ಹೇಗಿರುತ್ತೆ ಅಂತ ನಾನು ನೋಡಿದ್ದು ಥಾಯ್ಲೆಂಡಲ್ಲಿ. ಮಗಳು ಕರ್ಕೊಂಡು ಹೋಗಿದ್ಲು, ಜೊತೆಗೆ ಶೃಂಗೇರಿ ಕಡೆಯ ಅಕ್ಕ ಒಬ್ರು ಬಂದಿದ್ರು. ಬ್ಯಾಂಕಾಕ್ ನೋಡಿ ಮೇಲೆ ಉತ್ತರಕ್ಕೆ ಚಿಯಾಂಗ್ ಮಾಯ್ ಅಂತ ಊರಿಗೆ ಹೋದ್ವಿ. ಬೆಟ್ಟದ ಸೀಮೆ. ಆ ಊರಲ್ಲಿ ನಮ್ಮ ಚಿಕ್ಕಮಗಳೂರಿನ ಹೋಂಸ್ಟೇ ಬೋರ್ಡುಗಳ ಹಾಗೆ ಎಲ್ಲಿ ನೋಡಿದ್ರೂ ಅಡಿಗೆ ಕ್ಲಾಸಿನ ಬೋರ್ಡು. ಅರ್ಧ ದಿನದ್ದು, ಇಡೀ ದಿನದ್ದು ಅಂತ ಬೇರೆ ಬೇರೆ. ನಾವು ಸೇರಿದ್ದಕ್ಕೆ ಒಬ್ಬೊಬ್ರಿಗೆ ಸಾವಿರ ಬಾತ್ ಹತ್ರ. ನಮ್ಮ ದುಡ್ಡಲ್ಲಿ ಎರಡೂವರೆ ಸಾವಿರಕ್ಕೆ ಕಮ್ಮಿ ಇಲ್ಲ. ಅಕ್ಕ "ಅಡಿಗೆ ಮಾಡಕ್ಕೆ ನಾವೇ ದುಡ್ಡು ಕೊಡೋದಾ ಮಾರಾಯ್ತಿ" ಅಂತ ಗೊಣಗಿದ್ರು. ಕೊಟ್ವಿ.

ಕಲ್ಸಿದವಳು ನಮ್ಮ ವಯಸ್ಸಿನವಳೇ. ಅವಳಿಗಿದ್ದ ಇಂಗ್ಲಿಷು ನನ್ನಷ್ಟೇ, ಒಂದು ಕೈ ಹೆಚ್ಚು ಅನ್ನಿ. ಮೊದಲು ಎಲ್ರ ಕೈಗೂ ಒಂದೊಂದು ಬುಟ್ಟಿ ಕೊಟ್ಟು ಮಾರ್ಕೆಟ್ಟಿಗೆ ಕರ್ಕೊಂಡು ಹೋದ್ಲು. ಅಲ್ಲಿ ನೋಡಿದ್ರೆ ಅರ್ಧ ಸಾಮಾನು ನಮ್ಮ ಬೇಲಿಸಾಲಿಂದೇ! ಮಜ್ಜಿಗೆ ಹುಲ್ಲು ಕಟ್ಟು ಕಟ್ಟಿ ಇಟ್ಟಿದ್ರು. ಸೂಜಿಮೆಣಸು, ಕಳಲೆ, ಬಾಳೆ ಹೂವು. ನಮ್ಮಲ್ಲಿ ಬೇಲಿ ಪಕ್ಕ ಯಾರೂ ಕೇಳದೆ ಬಿದ್ದಿರೋ ಸುಂಡೆಕಾಯಿ ಅಲ್ಲಿ ಗೊಂಚಲು ಗೊಂಚಲು ಮಾರ್ತಿದ್ರು, ಹಸಿರು ಕರಿಗೆ ಅದು ಬೇಕೇ ಬೇಕಂತೆ. ಒಂದು ನಿಂಬೆ ಜಾತಿ ಇತ್ತು, ಹಣ್ಣಿನ ಸಿಪ್ಪೆ ಎಲ್ಲ ಗಂಟುಗಂಟು, ಎಲೆ ಜೋಡಿ ಎಲೆ ಅಂಟಿಸಿದ ಹಾಗೆ. ಅದರ ಎಲೆ ಹರಿದು ಮೂಗಿಗೆ ಹಿಡಿದ್ಲು. ನಮ್ಮ ಹೇರಳೆ ಎಲೆ ನೆನಪಾಯ್ತು, ಆದ್ರೆ ಅದಕ್ಕಿಂತ ಗಾಢ.

ವಾಪಸ್ ಬಂದ್ರೆ ಒಬ್ಬೊಬ್ರಿಗೆ ಒಂದೊಂದು ಒಲೆ, ಒಂದೊಂದು ಬಾಣಲೆ, ಒಂದೊಂದು ಕಲ್ಲಿನ ಒರಳು. ನಮ್ಮ ಜೊತೆ ಇದ್ದ ಬಿಳಿಯ ಹುಡುಗನಿಗೂ ಅಷ್ಟೇ, ನನಗೂ ಅಷ್ಟೇ. ಮೆಣಸಿನಕಾಯಿ, ಮಜ್ಜಿಗೆ ಹುಲ್ಲಿನ ಬುಡ, ಶುಂಠಿ ಜಾತಿದೊಂದು ಗಡ್ಡೆ, ಬೆಳ್ಳುಳ್ಳಿ, ಕೊತ್ತಂಬರಿ ಬೇರು ಹಾಕಿ ಕುಟ್ಟಿ ಅಂದ್ಲು. ಹೌದು, ಬೇರು! ನಾವು ಕತ್ತರಿಸಿ ಬಿಸಾಕ್ತೀವಲ್ಲ, ಅದೇ. ನಾರು ಬಿಟ್ಕೊಂಡು, ಘಮ ಎದ್ದು, ಉಂಡೆಯಾಗೋ ತನಕ ಕುಟ್ಟಿದ್ವಿ. ಆ ಹುಡುಗ ಸುಸ್ತಾಗಿ ಅವಳ ಮುಖ ನೋಡಿದ. ಅವಳು ನಕ್ಕು ಇನ್ನೂ ಕುಟ್ಟು ಅಂತ ಸನ್ನೆ ಮಾಡಿದ್ಲು, ಹೊರತು ಕೈ ಹಾಕಲಿಲ್ಲ. ಅದನ್ನ ನಾನು ಗಮನಿಸ್ದೆ. ನಾವಾಗಿದ್ರೆ "ಬಿಡು ಮಗ, ನಾನೇ ಮಾಡ್ತೀನಿ" ಅಂತ ಕಿತ್ಕೊಂಡು ಬಿಡ್ತಿದ್ವಿ. ನಮ್ಮ ಪ್ರೀತಿ ಇರೋದೇ ಹಾಗೆ, ಕಲಿಯೋಕೆ ಬಿಡಲ್ಲ.

ತೆಂಗಿನ ಗಟ್ಟಿ ಹಾಲು ಮೊದಲು ಕಾಯಿಸಿ, ಎಣ್ಣೆ ಬಿಡೋ ಹೊತ್ತಿಗೆ ಕುಟ್ಟಿದ ಖಾರ ಹಾಕಿ ಹುರಿಯೋದು. ನೀರು ಹಾಲು ಆಮೇಲೆ. ಅಕ್ಕ ಮೀನಿನ ರಸ ಮುಟ್ಟಲ್ಲ ಅಂತ ಗೊತ್ತಾದ ತಕ್ಷಣ ಕೇಳೋದಕ್ಕೂ ಮುಂಚೆ ಸೋಯಾ ಸಾಸ್ ಬಾಟ್ಲಿ ತಂದಿಟ್ಲು. ಅಂದ್ರೆ ಅವಳು ಎಷ್ಟು ಜನರಿಗೆ ಕಲ್ಸಿ ಪಳಗಿದಾಳೆ ನೋಡಿ. ಮಾಡಿದ್ದನ್ನ ನಾವೇ ಉಂಡ್ವಿ. ಹೊರಡುವಾಗ ಒಂದು ಸಣ್ಣ ಪುಸ್ತಕ ಕೊಟ್ಲು, ಅಳತೆ ಸಮೇತ. ಅವಳಿಗೆ ಗುಟ್ಟು ಹೋಯ್ತು ಅನ್ನೋ ಸಂಕಟ ಇರಲಿಲ್ಲ. ದುಡ್ಡು ತಗೊಳ್ಳುವಾಗ ತಲೆ ತಗ್ಗಿಸಲೂ ಇಲ್ಲ.

ಹಿಂದೆ ಆ ದೇಶದ ಸರ್ಕಾರ ಇತ್ತು ಅಂತೀರಾ? ಇತ್ತು. 2002ರಲ್ಲಿ ಹೊರದೇಶಗಳಲ್ಲಿ ಥಾಯ್ ಹೋಟ್ಲು ಹೆಚ್ಚಾಗ್ಲಿ ಅಂತ "ಗ್ಲೋಬಲ್ ಥಾಯ್" ಅನ್ನೋ ಯೋಜನೇನೇ ಹಾಕ್ಕೊಂಡಿದ್ರು. ಅವರ ತೊಮ್ ಯಮ್ ಸಾರಿಗೆ 2024ರಲ್ಲಿ ಯುನೆಸ್ಕೋ ಪಟ್ಟೀಲಿ ಜಾಗ ಸಿಕ್ತು. ನಮಗೂ ಸಿಕ್ಕಿದೆ, ಇಲ್ಲ ಅನ್ನಲ್ಲ, ಆದ್ರೆ ಕಾಫಿಗೆ. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಚಿಕ್ಕಮಗಳೂರು ಅರೇಬಿಕಾಕ್ಕೂ ಜಿಐ ಗುರುತು ಕೊಟ್ರು. ಬಾಬಾಬುಡನ್ನರು ಯೆಮೆನ್ನಿನ ಮೋಕಾದಿಂದ ಏಳು ಬೀಜ ತಂದ ಕತೆ ಗೆಸ್ಟುಗಳಿಗೆ ಎಲ್ಲ ಹೋಂಸ್ಟೇಯಲ್ಲೂ ಹೇಳ್ತಾರೆ, ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಕೊಡೋಲ್ಲ ಅಂತ ಕಾಯ್ತಿದ್ದವರ ಕಣ್ಣು ತಪ್ಪಿಸಿ ಬಂದ ಬೀಜದಿಂದ ನಾವು ಇಷ್ಟು ವರ್ಷ ಉಂಡಿದೀವಿ. ಹಾಗಿದ್ದೂ ರೊಟ್ಟಿ ಹಿಟ್ಟಿನ ಹದ ಹೇಳ್ಕೊಟ್ರೆ ನಮ್ಮನೆ ಗುಟ್ಟು ಹೋಗುತ್ತೆ ಅಂತ ಸೆರಗು ಬಿಗಿ ಮಾಡ್ಕೊಳ್ಳೋ ದೊಡ್ಡಮ್ಮಂದಿರು ಇದಾರಲ್ಲ, ಅವರಿಗೆ ಎಂತ ಹೇಳೋದು? ಗುಟ್ಟು ಹೋಗೋದು ಕಲ್ಸೋದ್ರಿಂದ ಅಲ್ಲ. ಸೊಸೆ ಪೇಟೇಲಿ, ಮಗಳು ಪರದೇಶದಲ್ಲಿ, ದೊಡ್ಡಮ್ಮನಿಗೆ ಮಂಡಿನೋವು, ಶ್ಯಾವಿಗೆ ಒರಳು ಅಟ್ಟದ ಮೇಲೆ. ಹಾಗೆ ಹೋಗುತ್ತೆ ಅದು.

ಇನ್ನೊಂದು ಮಾತು ನಮ್ಮ ಗಂಡಸ್ರು ಮರೀತಾರೆ. 2000ದ ಆಸುಪಾಸಲ್ಲಿ ಕಾಫಿ ರೇಟು ನೆಲ ಕಚ್ಚಿತ್ತಲ್ಲ, ನೆನಪಿದೆಯಾ? ಕುಯ್ಲಿನ ಕೂಲಿಯೂ ಹುಟ್ಟಲ್ಲ ಅಂತ ಎಷ್ಟೋ ತೋಟದಲ್ಲಿ ಹಣ್ಣು ಗಿಡದಲ್ಲೇ ಒಣಗಿತ್ತು. ಆಗ ಬ್ಯಾಂಕಿನ ಸಾಲಕ್ಕೆ ದಾರಿ ಅಂತ ಹೊಳೆದಿದ್ದು ಈ ಹೋಂಸ್ಟೇ. ಹಳೇ ಮನೆಗೆ ಸುಣ್ಣ ಬಳಿದು ಗೆಸ್ಟ್ ಕರೆದ್ರು. ಬಂದ ಗೆಸ್ಟು ವಾಪಸ್ ಹೋಗಿ ನಾಲ್ಕು ಜನಕ್ಕೆ ಹೇಳಿದ್ದು ಎಂತ? ಗೋಡೆ ಸುಣ್ಣದ ಮಾತಾ? ಕೋಳಿ ಸಾರು, ಕಡುಬು ಚೆನ್ನಾಗಿತ್ತು ಅಂತ. ತೋಟ ಉಳಿದಿದ್ದು ಅಡಿಗೆ ಮನೆಯಿಂದ. ಆ ಲೆಕ್ಕ ಯಾವ ರೈಟ್ರ ಪುಸ್ತಕದಲ್ಲೂ ಬರೆದಿಲ್ಲ.

"ಅಕ್ಕಿ ರೊಟ್ಟಿ ಕಲಿಯೋಕೆ ಯಾರು ದುಡ್ಡು ಕೊಟ್ಟು ಬರ್ತಾರೆ" ಅಂತ ಕೇಳೋರಿಗೆ ನಾನು ಹೇಳೋದು, ಮೊದಲು ನೀವು ಆ ರೊಟ್ಟಿ ಮಾಡೋದನ್ನ ಹೊರಗಿನವರ ಕಣ್ಣಿಂದ ನೋಡಿ. ಬಯಲುಸೀಮೆ ಕಡೆ ಈರುಳ್ಳಿ, ಸೊಪ್ಪು ಹಾಕಿ ಹೆಂಚಿನ ಮೇಲೆ ತಟ್ಟೋ ರೊಟ್ಟಿ ಅಲ್ಲ ನಮ್ಮದು. ಕುದಿಯೋ ನೀರಿಗೆ ಹಿಟ್ಟು ಸುರಿದು, ನಡುವೆ ಕೋಲಲ್ಲಿ ತೂತು ಮಾಡಿ, ಮುಚ್ಚಿ, ಸಣ್ಣ ಉರೀಲಿ ಬೆಂದ ಮೇಲೆ ತೊಳಸಿ, ಬಿಸಿ ಇದ್ದ ಹಾಗೇ ನಾದಬೇಕು. ಆರಿದ್ರೆ ಅಂಚು ಒಡೆಯುತ್ತೆ. ತೆಳ್ಳಗೆ ಮಾಡಿ, ಹೆಂಚಲ್ಲಿ ತೇವ ಆರಿಸಿ, ಕೆಂಡದ ಮೇಲೆ ಹಾಕಿದ್ರೆ ಪುರಿ ಹಾಗೆ ಉಬ್ಬುತ್ತೆ. ಕೈ ಸುಡುತ್ತೆ. ಆ ಸುಡೋದನ್ನ ತಾಳಿ, ನೀರು ಮುಟ್ಟಿ, ಮತ್ತೆ ನಾದೋದನ್ನ ಬಾಯಲ್ಲಿ ಹೇಳಿ ಕಲ್ಸಕ್ಕಾಗಲ್ಲ. ವಿಡಿಯೋ ನೋಡಿಯೂ ಬರಲ್ಲ. ಅದಕ್ಕೇ ಅವರು ನಮ್ಮ ಒಲೆ ಮುಂದೆ ಬರ್ಬೇಕು.

ಒತ್ತು ಶ್ಯಾವಿಗೆಯಂತೂ ಕ್ಲಾಸಿಗೇ ಅಂತ ಹುಟ್ಟಿದ್ದು. ಒಬ್ರ ಕೈಲಿ ಆಗೋ ಕೆಲಸವೇ ಅಲ್ಲ. ಬೆಂದ ಉಂಡೆ ಬಿಸಿ ಆರೋ ಮುಂಚೆ ಒರಳಿಗೆ ಹಾಕಿ ಒಬ್ರು ಒತ್ತಬೇಕು, ಇನ್ನೊಬ್ರು ಕೆಳಗೆ ತಟ್ಟೆ ಹಿಡಿದು ಸುತ್ತಿಸಬೇಕು. ಗಂಡ ಹೆಂಡತಿ ಜೋಡಿ ಬಂದಿದ್ರೆ ಗಂಡನ್ನ ಒತ್ತಕ್ಕೆ ನಿಲ್ಸಿ, ಬೆವರು ಇಳೀಲಿ. ಥಾಯ್ಲೆಂಡಲ್ಲೂ ಖನೋಮ್ ಚೀನ್ ಅಂತ ಅಕ್ಕಿ ಶ್ಯಾವಿಗೆ ಇದೆ, ಅಕ್ಕಿ ಹುಳಿ ಬರಿಸಿ ರುಬ್ಬಿ ಕುದಿಯೋ ನೀರಿಗೇ ಒತ್ತೋದು. ಅವರು ಅದಕ್ಕೆ ಖಾರದ ಸಾರು ಹಾಕ್ಕೊಳ್ತಾರೆ, ನಾವು ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು. ನಮ್ಮದು ಕಮ್ಮಿ ಅಂತ ನನಗೇನೂ ಅನ್ನಿಸಲಿಲ್ಲ.

ಆದ್ರೆ ಒಂದು ಕಟ್ಟುನಿಟ್ಟು. ಕಲ್ಸೋದು ಅಂದ್ರೆ ಜವಾಬ್ದಾರಿ. ಮಳೆಗಾಲದಲ್ಲಿ ಗೆಸ್ಟು ಕೆಸುವಿನ ಎಲೆ ನೋಡಿ ಪತ್ರೊಡೆ ಅಂತ ಕುಣಿತಾರೆ. ಆ ಎಲೇಲಿ ಸೂಜಿ ಮೊನೆ ಹಾಗಿರೋ ಹರಳಿರುತ್ತೆ, ಅದಕ್ಕೇ ಗಂಟಲು ಕೆರೆಯೋದು. ಹುಳಿ ಸರಿಯಾಗಿ ಬಿದ್ದು ಚೆನ್ನಾಗಿ ಬೇಯಬೇಕು ಅಂತ ಬಿಡಿಸಿ ಹೇಳ್ಬೇಕು. ಕಳಲೆ ಕಹಿ ಬರೀ ರುಚಿಯ ಕಹಿ ಅಲ್ಲ, ಸಯನೈಡ್ ಆಗೋ ಅಂಶ ಅದರಲ್ಲಿರುತ್ತೆ. ನಮ್ಮಜ್ಜಿಯರಿಗೆ ಆ ಹೆಸರು ಗೊತ್ತಿರಲಿಲ್ಲ, ಆದ್ರೆ ಹೆಚ್ಚಿ ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಚೆಲ್ಲಿ, ಬೇಯಿಸಿದ ನೀರನ್ನೂ ಬಸಿದು ಚೆಲ್ಲೋದು ಗೊತ್ತಿತ್ತು. ಒಂದೇ ದಿನಕ್ಕೆ ಬಂದವರಿಗೆ ಮೂರನೇ ದಿನದ ಕಳಲೆ ಕೊಟ್ಟು ಮಾಡ್ಸಿ, ಮೊದಲೆರಡು ದಿನದ ಕೆಲಸ ಕಣ್ಣಿಗೆ ತೋರ್ಸಿ. ಕಾಡು ಅಣಬೆ ಮಾತ್ರ ಕ್ಲಾಸಿಗೆ ಬೇಡವೇ ಬೇಡ. ಅರ್ಧ ಕಲಿತವರು ಊರಿಗೆ ಹೋಗಿ ಯಾವುದೋ ಕಿತ್ತು ತಿಂದ್ರೆ ಕತೆ ಮುಗೀತು.

ಈಗ ನಮ್ಮ ಹೆಂಗಸರಿಗೇ ಒಂದು ಮಾತು, ಸಿಟ್ಟು ಮಾಡ್ಕೋಬೇಡಿ. ಕಳಲೆ ಎಲ್ಲಿ ಮೂಡಿದೆ, ಯಾವ ಕೆಸು ತಿನ್ನೋದು ಯಾವುದು ಬಿಡೋದು, ಗದ್ದೆ ಬದುವಲ್ಲಿ ಏಡಿ ಹೇಗೆ ಹಿಡಿಯೋದು, ಇದೆಲ್ಲ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಲೈನ್ ಮನೆಯ ಹೆಂಗಸರಿಗೆ ಗೊತ್ತು. ಸೊಪ್ಪು ಸೋಸಿ ತಂದು ಕೊಡೋಳು ಅವಳು, ಏಡಿ ಕುಟ್ಟಿ ಸಾರಿಗೆ ಹದ ಮಾಡೋಳು ಅವಳು. ಗೆಸ್ಟು ಬಂದಾಗ ಅವಳು ಪಾತ್ರೆ ತೊಳೆಯೋ ಕಡೆ, ನಾವು ಫೋಟೋ ಕಡೆ. ಗಂಡಸ್ರು ನಮಗೆ ಮಾಡೋದನ್ನ ನಾವು ಅವಳಿಗೆ ಮಾಡೋದು ನ್ಯಾಯವಾ? ಅವಳು ಕಲ್ಸಕ್ಕೆ ನಿಂತ ದಿನ ಅವಳಿಗೆ ತೋಟದ ದಿನಗೂಲಿ ಕೊಟ್ಟು, ಮೇಲೊಂದು ಹಳೇ ಸೀರೆ ಇಟ್ಟು ಕಳ್ಸೋದಲ್ಲ. ಕ್ಲಾಸಿನ ದುಡ್ಡಲ್ಲಿ ಪಾಲು. ಅವಳು ಕಲ್ಸೋ ಅಡಿಗೆ ಆಗಿದ್ರೆ ಸಿಂಹಪಾಲು. ಹಾಗೇ ಗೆಸ್ಟಿಗೆ ಪರಿಚಯ ಮಾಡುವಾಗ "ನಮ್ಮ ಕೆಲಸದವಳು" ಅನ್ನೋದು ಬಿಟ್ಟು ಅವಳ ಹೆಸರು ಹೇಳಿ, ಇವತ್ತು ಇವರು ಕಲ್ಸೋದು ಅನ್ನಿ. ಇದಕ್ಕೆ ಒಪ್ಪದೆ ಇರೋರು ಸುಮಾರು ಜನ ಇದೀರಾ ಅಂತ ನನಗೆ ಗೊತ್ತು. ಆದ್ರೂ ಹೇಳ್ತೀನಿ.

ಇಂಗ್ಲಿಷ್ ಬರಲ್ಲ, ಹಿಂದಿ ಬರಲ್ಲ ಅನ್ನೋ ನೆವ ಬೇಡ. ನೀರಿಗೆ ಕೈ ಅದ್ದಿ ಹಿಟ್ಟು ನಾದಕ್ಕೆ ಯಾವ ಭಾಷೆ? ಪಿಯುಸಿ ಓದಿದ ನನಗೆ ಚಿಯಾಂಗ್ ಮಾಯ್‌ನಲ್ಲಿ ಒಂದು ಮಾತೂ ತಿಳಿಯದೆ ಹೋಗಲಿಲ್ಲ. "ಕುಟ್ಟು" ಅಂತ ಕೈ ತೋರ್ಸಿದ್ರೆ ಕುಟ್ಟಿದ್ವಿ, "ಸಾಕು" ಅಂತ ತೋರ್ಸಿದ್ರೆ ನಿಲ್ಸಿದ್ವಿ. ಮೊಮ್ಮಕ್ಕಳು ರಜೆಗೆ ಬಂದಾಗ ಹತ್ತು ಸಾಲು ಬರೆಸ್ಕೊಳ್ಳಿ, ಅಳತೆ ಸಮೇತ ಒಂದು ಹಾಳೆ. ಅಳತೆ ಅಂದ್ರೆ "ಕೈ ಅಂದಾಜು" ಅಂತಲ್ಲ. ಒಂದು ಪಾವು ಹಿಟ್ಟಿಗೆ ನಿಮ್ಮ ಮನೆಯಲ್ಲಿ ಎಷ್ಟು ನೀರು ಹಿಡಿಯುತ್ತೆ ಅಂತ ಒಂದು ಸಲ ಅಳೆದು ನೋಡಿ. ಹೊಸ ಅಕ್ಕಿಗೆ ಒಂದು, ಹಳೇ ಅಕ್ಕಿಗೆ ಇನ್ನೊಂದು, ಅದನ್ನೂ ಬರೀರಿ.

ಇನ್ನು ರೇಟು. ನೆಂಟರಿಂದ ಕೇಳಬೇಡಿ, ಫ್ರೀ ಅಂತಾರೆ. ಅಕ್ಕಿ, ಕಾಯಿ, ಬೆಲ್ಲ, ಸೌದೆ ಲೆಕ್ಕ ಹಾಕಿ. ಬೆಳಿಗ್ಗೆ ತಯಾರಿಯ ಎರಡು ಗಂಟೆ, ಕಲ್ಸೋ ಎರಡು ಗಂಟೆ, ಆಮೇಲೆ ಅಡಿಗೆ ಮನೆ ತೊಳೆಯೋ ಒಂದು ಗಂಟೆ, ಅದಕ್ಕೂ ಬೆಲೆ ಕಟ್ಟಿ. ಏಳೆಂಟು ಜನಕ್ಕಿಂತ ಹೆಚ್ಚು ಸೇರಿಸ್ಕೋಬೇಡಿ, ಒಬ್ಬೊಬ್ರ ಕೈಗೂ ಹಿಟ್ಟು ಸಿಗಬೇಕು. ಕೆಟ್ಟ ರೊಟ್ಟಿ ಮಾಡಿದವರಿಗೆ ಅದೇ ರೊಟ್ಟಿ ಬಡಿಸಿ, ನಮ್ಮ ಒಳ್ಳೇ ರೊಟ್ಟಿ ಹಾಕಿ ಸಮಾಧಾನ ಮಾಡಬೇಡಿ. ಆ ಒರಳಲ್ಲಿರೋ ದಾಸವಾಳ ತೆಗೆದು, ಕಲ್ಲು ತೊಳೆದು ಒಳಗೆ ತನ್ನಿ.

ದುಡ್ಡು ಕೊಡುವಾಗ ಈಗ ಎಲ್ರೂ ಫೋನ್ ಎತ್ತಿ ಸ್ಕ್ಯಾನರ್ ಎಲ್ಲಿ ಅಂತಾರಲ್ಲ. ಹೊರಗೆ ಟೇಬಲ್ ಮೇಲೆ ಯಜಮಾನರ ಹೆಸರಿನ ಸ್ಕ್ಯಾನರ್ ಇರುತ್ತೆ, ರೂಮಿನ ದುಡ್ಡು ಅಲ್ಲಿಗೆ ಹೋಗ್ಲಿ. ಅಡಿಗೆ ಮನೆ ಗೋಡೆ ಮೇಲೆ ಇನ್ನೊಂದು ಅಂಟಿಸಿ, ನಿಮ್ಮ ಹೆಸರಿನ ಖಾತೆದು. ಖಾತೆ ಇಲ್ಲದೆ ಇದ್ರೆ ಈ ವಾರವೇ ಆಧಾರ್ ಕಾರ್ಡ್ ತಗೊಂಡು ಬ್ಯಾಂಕಿಗೆ ಹೋಗಿ. ಸಂತೆ ದಿನ ಹೋಗಬೇಡಿ, ರಶ್ ಇರುತ್ತೆ.